ಬೀಗರಿಗೆ ಶುದ್ಧ ಬೈಗುಳ

ಉತ್ತರದ ಆ ಜಿಲ್ಲೆಯಲ್ಲಿ ಪೂರ್ವದವರ ಮಾತು ಭೋಜಪುರಿ, ಪಶ್ಚಿಮದವರದು ಅವಧಿ ಎಂಬ ನುಡಿ. ತಹಶೀಲ್ದಾರ್ ಓಝಾ ಸಾಹೇಬರಿಗೆ ಎರಡೂ ಕಿವಿಗೆ ಬಿದ್ದರೆ ಆಗದು. "ಕಚೇರಿಯಲ್ಲಿ ಶುದ್ಧ ಹಿಂದಿ ಮಾತ್ರ" ಎಂದು ಅಪ್ಪಣೆ ಮಾಡಿದರು. ನೀರು ಕೊಡುವ ಹೆಂಗಸು ಭೋಜಪುರಿಯಲ್ಲೇ "ನೀರು ಬೇಕಾ?" ಎಂದಳು. ಅವಳ ಕೆಲಸ ಹೋಯಿತು.

ಅದೇ ವಾರ ಸಾಹೇಬರ ಮಗನಿಗೆ ಕಚೇರಿಯಿದ್ದ ಊರಿನ ಹುಡುಗಿಯೊಂದಿಗೆ ಮದುವೆ. ಅಲ್ಲಿನ ಪದ್ಧತಿಯಂತೆ ಗಂಡಿನ ಕಡೆಯ ಬೀಗರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲಿ ಬೈಯಬೇಕು. ಬೈಗುಳವೇ ಮರ್ಯಾದೆ. ಬೈಯದಿದ್ದರೆ ಬೀಗರು ತುತ್ತು ಎತ್ತುವುದಿಲ್ಲ. ಊರಲ್ಲಿ ಮುಂದೆ ನಿಂತು ಬೈಯುವವಳು ಆ ನೀರಿನ ಹೆಂಗಸೇ.

ಎಲೆಗೆ ಪೂರಿ ಬಿತ್ತು. ಹಾಡು ಬರಲಿಲ್ಲ. ಪೂರಿ ಆರಿತು.

"ಇವರು ನಮ್ಮನ್ನು ನೆಂಟರೆಂದೇ ಎಣಿಸಿಲ್ಲ" ಎಂದು ಸಾಹೇಬರ ಅಣ್ಣ ಎದ್ದುನಿಂತರು.

"ಹಾಡಮ್ಮಾ" ಎಂದರು ಸಾಹೇಬರು ನೀರಿನ ಹೆಂಗಸಿಗೆ.

ಆಕೆ ಕೈಮುಗಿದು, ವಾರ್ತೆ ಓದುವವರ ಹಾಗೆ ಶುದ್ಧ ಹಿಂದಿಯಲ್ಲಿ ಹೇಳಿದಳು: "ಮಾನ್ಯ ವರಪಿತರೇ, ತಮ್ಮ ಮೀಸೆಯು ಮೂಷಿಕದ ಬಾಲಕ್ಕೆ ಸಮಾನವಾಗಿದೆಯೆಂದು ತಿಳಿಸಲು ವಿಷಾದಿಸುತ್ತೇವೆ."

ಯಾರೂ ನಗಲಿಲ್ಲ. ಅಣ್ಣ ಚಪ್ಪಲಿ ಹುಡುಕತೊಡಗಿದರು.

"ಅಯ್ಯೋ, ನಮ್ಮ ಮಾತಲ್ಲಿ ಬೈಯೇ ತಾಯಿ!" ಸಾಹೇಬರ ಬಾಯಿಂದ ಅವರ ಮನೆಮಾತಾದ ಅಪ್ಪಟ ಭೋಜಪುರಿ ಹೊರಟಿತು.

"ಬೈತೀನಿ ಸಾಹೇಬ್ರೇ. ಸೋಮವಾರ ಕೆಲಸಕ್ಕೆ ಬರ್ಲಾ?"

"ಬಾ, ಬಾ!"

ಆಕೆ ಶುರುಮಾಡಿದಳು. ಸಾಹೇಬರ ಮೀಸೆಯಿಂದ ಹಿಡಿದು ಅವರ ಅಜ್ಜಿಯವರೆಗೆ ಏನನ್ನೂ ಬಿಡಲಿಲ್ಲ. ಅಣ್ಣ ನಕ್ಕೂ ನಕ್ಕೂ ಮತ್ತೆ ಪೂರಿ ಹಾಕಿಸಿಕೊಂಡರು.

ಸೋಮವಾರ ಆಕೆ ಲೋಟ ಹಿಡಿದು ಬಂದು ಭೋಜಪುರಿಯಲ್ಲೇ ಕೇಳಿದಳು: "ನೀರು ಬೇಕಾ?"

ಸಾಹೇಬರು ಮೀಸೆ ಮುಟ್ಟಿಕೊಂಡರು.

"ಕೊಡಮ್ಮಾ" ಎಂದರು, ಮೆತ್ತಗೆ, ಭೋಜಪುರಿಯಲ್ಲೇ. "ಹಾಡು ಮಾತ್ರ ಬೇಡ."