ಆರ್ಮಾಂದಮ್ಮ ಮುದ್ರೆ ಒತ್ತದ ವೈನು

ಬಹಳ ಹಿಂದೆ, ಆಗ ಯಾವ ರಾಜ ಆಳುತ್ತಿದ್ದನೆಂದು ಹೇಳುವವರೂ ಉಳಿದಿಲ್ಲದಷ್ಟು ಹಿಂದೆ, ಫ್ರಾನ್ಸ್ ದೇಶದ ಒಂದೂರಿನಲ್ಲಿ ಆರ್ಮಾಂದ್ ಎಂಬ ವಿಧವೆ ಇದ್ದಳಂತೆ. ನಮ್ಮ ಬಾಯಿಗೆ ಆರ್ಮಾಂದಮ್ಮ ಎಂದೇ ಇರಲಿ. ಅಮ್ಮ ಅನ್ನಿಸಿಕೊಳ್ಳುವ ಯೋಗ್ಯತೆ ಇದ್ದ ಹೆಂಗಸು. ಅವಳದೊಂದು ದ್ರಾಕ್ಷಿ ತೋಟ. ಹೆಸರು ಪಿಯೆರೂಜ್, ಅಂದರೆ ಕೆಂಪು ಕಲ್ಲು. ಹೆಸರಿಗೆ ತಕ್ಕ ಹಾಗೆ ಕಲ್ಲೋ ಕಲ್ಲು, ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತಂತೆ. ಆದರೆ ಆ ಕಲ್ಲಿನ ಸಂದಿಯಲ್ಲಿ ಬೇರಿಳಿಸಿದ ಬಳ್ಳಿಗಳ ಕೆಂಪು ವೈನು ಇತ್ತಲ್ಲ, ಅದರ ಒಂದು ಗುಟುಕಿಗೆ ಎಂಥ ಬಾಯಿಬಡುಕನೂ ಮಾತು ನಿಲ್ಲಿಸುತ್ತಿದ್ದನಂತೆ. ಹಾಗಂತಾರೆ. ಕುಡಿದವರು ಯಾರೂ ಈಗ ಸಿಗುವುದಿಲ್ಲ.

ಆ ಊರಲ್ಲಿ ಕೊಯ್ಲಿಗೆ ಗಂಟೆ ಬಾರಿಸುತ್ತಿದ್ದರು. ಗಂಟೆ ಬಾರಿಸಿದರೋ, ಎಲ್ಲರೂ ಬುಟ್ಟಿ ಎತ್ತುವರು. ಆರ್ಮಾಂದಮ್ಮ ಮಾತ್ರ ಎತ್ತಳು. ಅವಳು ಬಳ್ಳಿಗಳ ಸಾಲಿನಲ್ಲಿ ನಡೆಯುತ್ತಾ ಒಂದೊಂದು ಹಣ್ಣು ಬಾಯಿಗೆ ಹಾಕಿ ಬೀಜ ಕಡಿದು ನೋಡುವಳು. ಕಹಿಯಾದರೆ ಇನ್ನೂ ಇಲ್ಲ. ಹುರಿದ ಕಡಲೆಯ ಹಾಗೆ ಕಟುಂ ಎಂದರೆ ಮಾತ್ರ ಕೊಯ್ಲು. ಅವಳ ನಾಲಿಗೆ ಎಂದೂ ತಪ್ಪಿರಲಿಲ್ಲವಂತೆ, ಅದರ ಜಂಬವೂ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತಂತೆ. ವೈನು ಒಪ್ಪಿಗೆಯಾದ ಮೇಲೆ ಕಬ್ಬಿಣ ಕಾಯಿಸಿ ಪೀಪಾಯಿಗಳ ಮೇಲೆ ತೋಟದ ಮುದ್ರೆಯನ್ನು ತಾನೇ ಒತ್ತುವಳು. ಆ ಮುದ್ರೆ ಇದ್ದರೆ ಸಾಕು, ರುಚಿ ನೋಡದೆಯೇ ಕೊಳ್ಳುತ್ತಿದ್ದರು.

ಒಂದು ವರ್ಷ ಊರೆಲ್ಲ ಕೊಯ್ದಾಗಿತ್ತು. ಪಿಯೆರೂಜ್ ಮಾತ್ರ ಕಾಯುತ್ತಿತ್ತು. ಅವಳ ಮೇಸ್ತ್ರಿ ಮುದುಕ ಗಾಸ್ಪಾರ್ ಆಕಾಶ ನೋಡಿ, "ಅಮ್ಮಾ, ಪಡುವಣದಲ್ಲಿ ಮೋಡ ಕಟ್ತಾ ಇದೆ, ಕೊಯ್ದುಬಿಡೋಣ" ಅಂದ.

"ಬೀಜ ಇನ್ನೂ ಕಹಿ ಕಣೋ. ಮೋಡದ ಮಾತು ಕೇಳೋದಾದ್ರೆ ನನಗೆ ನಾಲಿಗೆ ಯಾಕೆ?" ಅಂದಳು.

ಮಳೆ ಬಂತು. ಹೇಗೆ ಬಂತು ಅಂದರೆ, ಹಣ್ಣು ನೀರು ಕುಡಿದು ಕುಡಿದು ಬಿರಿದುಹೋಯಿತಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆರ್ಮಾಂದಮ್ಮ ಸಾಲಿನ ನಡುವೆ ನಿಂತು ಅತ್ತಳಂತೆ. ಮಳೆಯನ್ನು ಬೈಯಲಿಲ್ಲ, ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಕೊಳೆತದ್ದನ್ನು ಬಿಸಾಕಿ ಉಳಿದದ್ದರಲ್ಲಿ ವೈನು ಮಾಡಿದರು. ಕೆಟ್ಟದ್ದೇನಲ್ಲ, ಆದರೆ ತೆಳು. ಬಣ್ಣವೂ ತೆಳು, ರುಚಿಯೂ ತೆಳು.

ಬಂದರು ಪಟ್ಟಣದ ವರ್ತಕ ಬಂದ. ರುಚಿ ನೋಡಿ ಮುಖ ಕಿವುಚಿದ. ಆಮೇಲೆ ನಕ್ಕ. "ಮುದ್ರೆ ಒತ್ತಿಬಿಡಿ ತಾಯಿ, ಎಂದಿನ ಬೆಲೆಗೇ ಒಯ್ತೀನಿ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಕುಡಿಯೋರು ಮುದ್ರೆ ನೋಡಿ ಕುಡೀತಾರೆ." ಮುದ್ರೆ ಇಲ್ಲದಿದ್ದರೆ ಮುಟ್ಟುವುದೂ ಇಲ್ಲ ಅಂದ. ಅಂಗಳದಲ್ಲಿ ತೋಟದ ಆಳುಗಳು ಹೆಂಡಿರು ಮಕ್ಕಳ ಜೊತೆ ನಿಂತಿದ್ದರು. ಈ ವೈನು ಹೋಗದಿದ್ದರೆ ಚಳಿಗಾಲಕ್ಕೆ ಅವರ ಮನೆಗಳಲ್ಲಿ ರೊಟ್ಟಿ ಇಲ್ಲ.

ಆರ್ಮಾಂದಮ್ಮ ಕಬ್ಬಿಣವನ್ನು ಬೆಂಕಿಗಿಟ್ಟಳು. ಅದು ಕೆಂಪಗಾಯಿತು. ಎತ್ತಿದಳು, ಪೀಪಾಯಿಯ ಹತ್ತಿರ ಒಯ್ದಳು, ಅಲ್ಲೇ ಕೈ ನಿಂತಿತು. ತೀರಿಹೋದ ಗಂಡನೇ ಬಂದು ಕೈ ಹಿಡಿದ ಅಂತ ಕೆಲವರು ಹೇಳುತ್ತಾರೆ. ಅದೆಲ್ಲ ಸುಳ್ಳು. ಹಿಡಿದದ್ದು ಅವಳ ಜಂಬವೇ. ಬೆಳೆ ಕಳೆದದ್ದೂ ಅದೇ, ಹೆಸರು ಉಳಿಸಿದ್ದೂ ಅದೇ. ಕಬ್ಬಿಣವನ್ನು ನೀರಿಗೆ ಅದ್ದಿದಳು, ಚುಸ್ಸೆಂದಿತು.

ಆಮೇಲೆ ಗಾಸ್ಪಾರನಿಗೆ ಸುತ್ತಿಗೆ ತರಲು ಹೇಳಿದಳಂತೆ. ಆ ಊರಿನ ಪದ್ಧತಿ ಏನೆಂದರೆ, ಹೆಣ್ಣುಮಗು ಹುಟ್ಟಿದ ವರ್ಷದ ವೈನನ್ನು ನೆಲಮಾಳಿಗೆಯಲ್ಲಿಟ್ಟು ಅಡ್ಡ ಗೋಡೆ ಕಟ್ಟಿಬಿಡುವುದು, ಮದುವೆಯ ದಿನವೇ ಒಡೆಯುವುದು. ಆರ್ಮಾಂದಮ್ಮನ ಒಬ್ಬಳೇ ಮಗಳು ಲಿಸೆಟ್. ವಸಂತಕ್ಕೆ ಮದುವೆ ಗೊತ್ತಾಗಿತ್ತು. ತಾಯಿ ಮಗಳ ಮುಖ ನೋಡಿದಳು. ಲಿಸೆಟ್ಟೇ ಸುತ್ತಿಗೆ ಕಿತ್ತುಕೊಂಡು, ಕಣ್ಣೊರೆಸಿಕೊಳ್ಳುತ್ತಾ, ತನ್ನ ವೈನಿನ ಗೋಡೆಗೆ ಮೊದಲ ಏಟು ಹಾಕಿದಳಂತೆ. ಎಂಥ ಮಗಳು ನೋಡಿ! ವರ್ತಕ ಬೆಲೆ ಕೊಟ್ಟು, ಮುದ್ರೆಯಿದ್ದ ಆ ಹಳೆಯ ವೈನು ಹೊತ್ತುಕೊಂಡು ಹೋದ. ಆ ಚಳಿಗಾಲ ಆಳುಗಳ ಮನೆಯಲ್ಲಿ ಒಲೆ ಆರಲಿಲ್ಲವಂತೆ.

ಮದುವೆ ಬಂತು. ಬೀಗರು ಪಿಯೆರೂಜ್‌ನ ವೈನಿಗೆಂದೇ ತುಟಿ ಸವರಿಕೊಂಡು ಬಂದು ಕೂತಿದ್ದರು. ಬಟ್ಟಲಿಗೆ ಬಿದ್ದದ್ದು ಆ ತೆಳು ವೈನು. ಗಂಡಿನ ತಂದೆ ಬಗ್ಗಿ ನೋಡಿ, ಇದು ಯಾರ ತೋಟದ್ದು ಅಂತ ಎಲ್ಲರ ಎದುರೇ ಕೇಳಿದ.

ಆರ್ಮಾಂದಮ್ಮ ಎದ್ದು ನಿಂತಳು. "ನಮ್ಮದೇ ಬೀಗರೇ, ಮಳೇಲಿ ನೆಂದದ್ದು. ಕೊಯ್ಯೋಕೆ ತಡ ಮಾಡಿದವಳು ನಾನು. ಅದಕ್ಕೇ ಇದಕ್ಕೆ ಮುದ್ರೆ ಒತ್ತಿಲ್ಲ. ಮೊದಲ ಬಟ್ಟಲು ನನ್ನದು." ಹೇಳಿ, ತಳ ಕಾಣುವ ತನಕ ಕುಡಿದಳು. ಪಂಕ್ತಿಯ ಕೊನೆಯಲ್ಲಿದ್ದ ಗಾಸ್ಪಾರ್ ಎದ್ದು ನಿಂತ. ಆಳುಗಳೆಲ್ಲ ಎದ್ದರು. ಕೊನೆಗೆ ಗಂಡಿನ ತಂದೆಯೂ ಎದ್ದು, ತನ್ನ ಬಟ್ಟಲು ಖಾಲಿ ಮಾಡಿ, ಇನ್ನೊಂದು ಹಾಕಿ ಅಂತ ಕೈ ಚಾಚಿದನಂತೆ.

ಈಗಲೂ ಆ ಊರಲ್ಲಿ ಎಷ್ಟೇ ಸಿರಿವಂತರ ಮದುವೆಯಾಗಲಿ, ಮೊದಲು ಬಡಿಸುವುದು ಕೆಟ್ಟ ವರ್ಷದ ವೈನು, ಮುದ್ರೆ ಇಲ್ಲದ ಹೂಜಿಯಲ್ಲಿ. ಹೆಣ್ಣಿನ ತಾಯಿ ಎದ್ದು, ತಾನು ಮಾಡಿದ ಒಂದು ತಪ್ಪನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಆ ಬಟ್ಟಲು ಕುಡಿಯುತ್ತಾಳೆ. ಅವಳು ಕುಡಿದು ಮುಗಿಸುವ ತನಕ ಬೀಗರು ಎದ್ದೇ ನಿಂತಿರುತ್ತಾರೆ.