ಮೈಲಾರಪ್ಪನ ಎರಡು ಕಲ್ಲು

ಆಗಸ್ಟ್ ಹನ್ನೊಂದು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ವರ್ಷ ಮಾತ್ರ ಕೇಳಬೇಡಿ, ನಮ್ಮಜ್ಜನಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ, ಕಚೇರಿ ಎದುರಿನ ಹುಣಸೆಮರದ ಕೆಳಗೆ ಮೈಲಾರಪ್ಪ ಎಂಬವನು ಕೂರುತ್ತಿದ್ದನಂತೆ. ಜನ ಕನ್ನಡದಲ್ಲಿ ಹೇಳಿದ ಕಷ್ಟವನ್ನು ಸಾಹೇಬರಿಗಾಗಿ ಇಂಗ್ಲಿಷಿನಲ್ಲಿ ಬರೆಯುವುದು ಅವನ ಕಸುಬು.

ಅವನ ಮುಂದೆ ಎರಡು ಕಲ್ಲು. ಆಗಿಹೋದದ್ದನ್ನು ಒಂದರ ಮೇಲೆ ಕೂತು ಹೇಳಬೇಕು; ಈಗ ಇರುವುದನ್ನು ಹೇಳಬೇಕಾದರೆ ಎದ್ದು ಇನ್ನೊಂದಕ್ಕೆ ಹೋಗಬೇಕು. ಅಳುವವರಿಗೆ ನಿನ್ನೆ, ಇವತ್ತು ಎಲ್ಲ ಒಂದೇ, ಓದುವವರಿಗೆ ಹಾಗಲ್ಲ ಎನ್ನುತ್ತಿದ್ದನಂತೆ. ಅವನ ಇಂಗ್ಲಿಷಿನಲ್ಲಿ ಹೋದ ವರ್ಷ ಸತ್ತ ಎತ್ತು ಈ ವರ್ಷ ಹೊಲ ಉಳುತ್ತಿರಲಿಲ್ಲ.

ಆ ದಿನ ಕೆಂಚವ್ವ ಓಡಿ ಬಂದಳಂತೆ. ಗಂಡ ಅಂಬಣ್ಣ ಹರಿಗೋಲಿನವನು. ಹೊಳೆ ತುಂಬಿದೆ, ಯಾರನ್ನೂ ದಾಟಿಸಬಾರದು ಎಂದು ಸಾಹೇಬರು ಅಪ್ಪಣೆ ಮಾಡಿ ಮೂರು ವಾರವಾಗಿತ್ತು. ದುಡಿಮೆ ನಿಂತಿದೆ, ಏನಾದರೂ ದಾರಿ ಮಾಡಿಕೊಡಿ ಎಂಬ ಅವಳ ಮೊದಲಿನ ಅರ್ಜಿಯನ್ನು ಬೇರೊಬ್ಬ ಬರೆದಿದ್ದ. ಅದರಲ್ಲಿ ಅಪ್ಪಣೆಗೆ ಮುಂಚೆ ದಾಟಿಸಿದ್ದೂ ಈಗಲೇ ನಡೆಯುತ್ತಿರುವಂತೆ ಇತ್ತಂತೆ. ಅಂಬಣ್ಣ ಮಾತು ಕೇಳುತ್ತಿಲ್ಲ ಎಂದುಕೊಂಡ ಸಾಹೇಬರು ಹರಿಗೋಲನ್ನು ಮಾರನೇ ದಿನ ಒಡೆಯಲು ಹೇಳಿದ್ದರು. ಅದು ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಕೆಂಚವ್ವ ಹನ್ನೊಂದು ಸಲ ಎದ್ದು ಕೂತಳಂತೆ. ಕಡೆಗೆ ಸಿಟ್ಟು ಬಂತು.

"ಅರ್ಜಿ ಬರೀತೀಯೋ, ನನ್ನ ಕಡಿಂದ ಕುಂಟಾಬಿಲ್ಲೆ ಆಡಸ್ತೀಯೋ?"

"ಆಡವ್ವ. ಈ ಕಲ್ಲಿನ ಮ್ಯಾಲೆ ಕೂತು ಹೇಳು, ಹರಿಗೋಲು ಈಗ ಎಲ್ಲೈತಿ?"

"ದಂಡಿ ಮ್ಯಾಲೆ ಬೋರಲು ಬಿದ್ದೈತಿ. ಅಪ್ಪಣೆ ಬಂದ ದಿನಾನ ಹಾಕಿದ್ದು. ಅದರಡಿ ನಮ್ಮ ಕೋಳಿ ಕಾವಿಗೆ ಕೂತೈತಿ."

ಮೈಲಾರಪ್ಪ ಲೇಖನಿ ನಿಲ್ಲಿಸಿ ನಕ್ಕನಂತೆ. ಹಿಂದಿನದನ್ನು ಹಿಂದೆ ಇಟ್ಟು, ಇವತ್ತಿನ ಕೋಳಿಯನ್ನು ಕೊನೆಯಲ್ಲಿ ಬರೆದ. ಓದಿದ ಸಾಹೇಬರು ಜವಾನನನ್ನು ಕಳಿಸಿದರು. ಅಲ್ಲ, ತಾವೇ ಬೂಟು ಬಿಚ್ಚಿ ಕೆಸರಲ್ಲಿ ನಡೆದರು ಎನ್ನುವವರೂ ಇದ್ದಾರೆ. ಹರಿಗೋಲು ಎತ್ತಿ ನೋಡಿದರೆ ಮೊಟ್ಟೆಗಳು ಆಗ ತಾನೇ ಒಡೆಯುತ್ತಿದ್ದವಂತೆ. ಒಂಬತ್ತು ಮರಿ ಎನ್ನುತ್ತಾರೆ, ಹನ್ನೆರಡು ಎನ್ನುತ್ತಾರೆ. ಮರಿಯಾಗಲು ಮೂರು ವಾರ ಬೇಕು; ಅಷ್ಟು ದಿನ ಹರಿಗೋಲು ಅಲುಗಿಲ್ಲ. ಒಡೆಯುವ ಮಾತು ಅಲ್ಲಿಗೇ ನಿಂತಿತು.

ಈಗಲೂ ಕಚೇರಿಯಲ್ಲಿ ಕೆಲಸ ಆದವರು ನೆಟ್ಟಗೆ ಮನೆಗೆ ಹೋಗುವುದಿಲ್ಲ. ಹುಣಸೆಮರದ ಕೆಳಗೆ ನಿಂತು, ಯಾರಿದ್ದರೆ ಅವರಿಗೆ, ಒಂದು ಸಂತೋಷದ ಸಂಗತಿ ಹೇಳಿ ಹೋಗುತ್ತಾರೆ.

ಯಾಕೆ ಅಂದಿರಾ? ಮೈಲಾರಪ್ಪ ಕೆಂಚವ್ವನ ಹತ್ತಿರ ಕೇಳಿದ ಕೂಲಿ ಅದು. ಇಷ್ಟು ವರ್ಷ ಬರೀ ಗೋಳು ಕೇಳಿದ್ದೇನೆ, ನಗುವಂಥದ್ದೊಂದು ಹೇಳು, ಹೇಗೆ ಬೇಕಾದರೂ ಹೇಳು ಎಂದನಂತೆ. ಅವಳು ತನ್ನ ಮದುವೆ ಹೇಳಿದಳು: ಊರಿಗೆಲ್ಲ ಹರಿಗೋಲಿನವನು ಅಂಬಣ್ಣ ಒಬ್ಬನೇ, ಹಾಗಾಗಿ ಬಾಸಿಂಗ ಕಟ್ಟಿಕೊಂಡೇ ಹೆಣ್ಣಿನ ಕಡೆಯವರನ್ನು ಆರು ಸುತ್ತು ದಾಟಿಸಿದ್ದು, ಕೊನೆಯ ಸುತ್ತಿನಲ್ಲಿ ಪುರೋಹಿತರನ್ನು ಆಚೆ ದಡದಲ್ಲೇ ಮರೆತದ್ದು. ಮೈಲಾರಪ್ಪ ನಕ್ಕು ನಕ್ಕು ಶಾಯಿ ಚೆಲ್ಲಿಕೊಂಡನಂತೆ. ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲವಂತೆ.