ಆ ದಡದ ತಟ್ಟೆ

ಹೊಳೆಯ ಈ ದಡದಲ್ಲಿ ಅಡವಯ್ಯ ಗುರುಗಳ ಸಣ್ಣ ಮಠ. ಆ ದಡದಲ್ಲಿ ಅವರ ಅಕ್ಕ ತುಂಗವ್ವನ ಗುಡಿಸಲು. ಒಂಟಿ ಮುದುಕಿ, ಹಠಮಾರಿ. ಈ ದಡಕ್ಕೆ ಬಾ ಅಂದರೆ ಬಾರಳು.

ದಿನಾ ಮುಂಜಾನೆ ಗುರುಗಳು ಶಂಖ ಊದುವರು. ಆಮೇಲೆ ಆಕೆ ಕಂಚಿನ ತಟ್ಟೆ ಬಾರಿಸುವಳು. ಬದುಕಿದ್ದೀನಿ ಅಂತ ಅರ್ಥ.

ಶಿಷ್ಯ ಬಸಲಿಂಗನಿಗೆ ಗುರುಗಳು ಕೊಟ್ಟ ನಿಯಮ ಒಂದೇ. "ಶಂಖ ಆದಮೇಲೆ ತಟ್ಟೆ ಬಾರಿಸದಿದ್ದರೆ, ಹರಿಗೋಲು ತಗೊಂಡು ಹೋಗು."

ಮೊದಲ ದಿನವೇ ಬಸಲಿಂಗ ಅವಸರಪಟ್ಟ. ಶಂಖ ನಿಂತಿದ್ದೇ ತಡ, ಹರಿಗೋಲು ಬಿಟ್ಟ. ನಡುನೀರಿಗೆ ಬಂದಾಗ ತಟ್ಟೆ ಸದ್ದಾಯಿತು. ಆದರೂ ಆ ದಡ ಮುಟ್ಟಿದ.

"ಏನಪ್ಪಾ, ನನ್ನ ಮಣ್ಣಿಗೆ ಇಷ್ಟು ಲಗೂ ಬಂದ್ಯಾ?" ಅಂದಳು ತುಂಗವ್ವ. "ಕೂಡು. ಅಂಬಲಿ ಕುಡಿದು ಆಮೇಲೆ ಸಾಯ್ತೀನಿ."

ಊರನ್ನೆಲ್ಲ ನಗಿಸುವ ಬಸಲಿಂಗ ಅವತ್ತು ತಾನೇ ನಗೆಪಾಟಲಾದ. ಗುರುಗಳೂ ನಕ್ಕರು.

ಮುಂದೊಂದು ದಿನ ಗುರುಗಳು ಶಂಖ ಊದಿ ಪಕ್ಕದ ಊರಿಗೆ ಹೋದರು. ಸಂಜೆ ತಿರುಗಿ ಬಂದಾಗ ಬಸಲಿಂಗ ದಡದಲ್ಲೇ ಕೂತಿದ್ದ.

"ಅಕ್ಕ ತಟ್ಟೆ ಬಾರಿಸಿದಳೇನು?"

"ಇನ್ನೂ ಇಲ್ರಿ, ಗುರುಗಳೆ."

"ಮುಂಜಾನೆಯಿಂದ?"

"ಇನ್ನೂ ಬಾರಿಸಬಹುದು ಅಂತ ಕೂತೆ."

ಇಬ್ಬರೂ ಹರಿಗೋಲು ಹತ್ತಿ ಹುಟ್ಟು ಹಾಕಿದರು.

ತುಂಗವ್ವ ಒಲೆಯ ಮುಂದೆ ಬಿದ್ದಿದ್ದಳು. ತಟ್ಟೆ ಕೈಯಿಂದ ಗೇಣು ದೂರ. ಉಸಿರಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು.

ಮಣ್ಣು ಮಾಡಿ ಬಂದಮೇಲೆ ಬಸಲಿಂಗ ಗುರುಗಳ ಕಾಲು ಹಿಡಿದ.

"ಸದ್ದಾದರೆ ಆಯಿತು ಅಂತ ಗೊತ್ತಾಗುತ್ತೆ. ಆಗಲಿಲ್ಲ ಅಂತ ಯಾವ ಗಳಿಗೆಗೆ ಗೊತ್ತಾಗಬೇಕಿತ್ತು, ಗುರುಗಳೆ?"

"ಅದನ್ನ ನಾನು ಹೇಳಬೇಕಿತ್ತು. ಎಲ್ಲಿವರೆಗೆ ಕಾಯಬೇಕು ಅಂತ ಹೇಳದೆ ನಿನ್ನ ಕೂಡಿಸಿದೆ. ತಪ್ಪು ನನ್ನದು."

ಗುರುಗಳು ಮರಳಲ್ಲಿ ಒಂದು ಕೋಲು ನೆಟ್ಟರು. ಅದರ ನೆರಳು ಸರಿಯುವ ದಾರಿಯಲ್ಲಿ ಕಲ್ಲಿಟ್ಟರು.

"ನೋಡು. ನೆರಳು ಈ ಕಲ್ಲು ಮುಟ್ಟೋದರೊಳಗೆ ಸದ್ದು ಬರಲಿಲ್ಲ ಅಂದರೆ, ಬರಲಿಲ್ಲ ಅಂತಲೇ. ಆಮೇಲೆ ಕಾಯಬಾರದು."

ಮರುದಿನ ಮುಂಜಾನೆ ಗುರುಗಳು ಮತ್ತೆ ಶಂಖ ಊದಿದರು. ಆ ದಡದ ಕಡೆ ಕಿವಿಯಿಟ್ಟು ಕೂತರು.

ಬಸಲಿಂಗ ಬಂದು ಪಕ್ಕದಲ್ಲಿ ಕೂತ. ನೆರಳು ಸರಿಯಿತು.

"ಗುರುಗಳೆ," ಅಂದ ಮೆಲ್ಲಗೆ, "ನೆರಳು ಕಲ್ಲು ಮುಟ್ಟಿತು."

ಗುರುಗಳು ಕೋಲು ಕಿತ್ತು ಹೊಳೆಗೆ ಎಸೆದರು.

"ಕೂಡು, ಮಗನೆ. ಇನ್ನೂ ಬಾರಿಸಬಹುದು."